ಸೆರೆಬೆಲ್ಲಮ್ (ಕಿರುಮೆದುಳು) ಕೇಸಲ್ಲಿ ಡ್ಯೂರಾಗೆ (ಮೆದುಳಿನ ಹೊರಪೊರೆಗೆ) ಸಣ್ಣ ಗೀರು ಹಾಕಿ ಸರ್ಜನ್ ಸುಮ್ನೆ ಕೂತ್ಕೊಳ್ಳೋದು ಯಾಕೆ?

ಕುತೂಹಲಿ_ಪೀಜಿ:

ಎಲ್ಲರಿಗೂ ನಮಸ್ಕಾರ. ನಾನು ಅನಸ್ತೇಶಿಯಾ ಮೊದಲನೇ ವರ್ಷದ ಪೀಜಿ, ನ್ಯೂರೋ ಓಟಿ ಪೋಸ್ಟಿಂಗ್ ಶುರುವಾಗಿ ಮೂರು ವಾರ ಆಗಿದೆ ಅಷ್ಟೇ, ಹಾಗಾಗಿ ಪ್ರಶ್ನೆ ಬಾಲಿಶ ಅನ್ಸಿದ್ರೆ ಬೈಕೊಳ್ಬೇಡಿ.

ಮೊನ್ನೆ ಒಂದು ಮಗು, ಏಳು ವರ್ಷ, ನಾಲ್ಕನೇ ವೆಂಟ್ರಿಕಲ್ (ಮೆದುಳೊಳಗೆ ನೀರಿರೋ ಪೊಳ್ಳು ಜಾಗ) ತುಂಬ ಗಡ್ಡೆ, ಮೇಲಿನ ವೆಂಟ್ರಿಕಲ್‌ಗಳೆಲ್ಲ ಬಲೂನ್ ಥರ ಊದಿದ್ವು. ಬೋರಲು ಮಲಗಿಸಿ ಸರ್ ಮೊದ್ಲು ತಲೆ ಹಿಂದೆ ಒಂದು ಬರ್ ಹೋಲ್, ಅಂದ್ರೆ ಮೂಳೇಲಿ ಸಣ್ಣ ತೂತು, ಮಾಡಿ ವೆಂಟ್ರಿಕಲ್‌ಗೆ ಟ್ಯೂಬ್ ಹಾಕಿದ್ರು, ಸರಿ ಈಗ ನೀರೆಲ್ಲ ಹೊರಗೆ ಬಿಡ್ತಾರೆ ಅನ್ಕೊಂಡೆ, ಆದ್ರೆ ಕ್ಲಾಂಪ್ ಹಾಕಿ ಪಕ್ಕಕ್ಕಿಟ್ರು. ಮೂಳೆ ತೆಗೆದ್ಮೇಲೆ ನೋಡಿದ್ರೆ ಡ್ಯೂರಾ ತಮಟೆ ಥರ ಬಿಗಿ. ಆಗ ಆ ಟ್ಯೂಬ್‌ನ ಕ್ಲಾಂಪ್ ತೆಗೆದು ಒಂದಿಷ್ಟು ಬಿಟ್ರು, ಮತ್ತೆ ಕ್ಲಾಂಪ್, ಮತ್ತೆ ಒಂದಿಷ್ಟು. ಆಮೇಲೆ ಡ್ಯೂರಾದ ಕೆಳತುದೀಲಿ ಒಂದು ಸಣ್ಣ ಗೀರು, ಅದರಿಂದ ತಿಳಿನೀರು ಜಿನುಗ್ತಾ ಇತ್ತು, ಸರ್ ಏನೂ ಮಾಡ್ದೆ ಅದನ್ನೇ ನೋಡ್ತಾ ಕೂತ್ಬಿಟ್ರು. ಐದು ನಿಮಿಷಕ್ಕೂ ಮೇಲೇ ಇರ್ಬೇಕು. ಇಡೀ ಓಟಿ ನಿಶ್ಶಬ್ದ.

ಬೇರೆ ಯೂನಿಟ್‌ನಲ್ಲಿ ಕಿವಿ ನರದ ಗಡ್ಡೆ ಕೇಸ್ ನೋಡಿದ್ದೆ, ಅಲ್ಲಿ ಬೆನ್ನಲ್ಲಿ ಲಂಬಾರ್ ಡ್ರೇನ್, ಸೊಂಟದ ಹತ್ರ ನೀರು ತೆಗೆಯೋ ಟ್ಯೂಬ್, ಹಾಕಿದ್ರು, ಎಷ್ಟು ಸುಲಭವಾಗಿ ಕೆಲಸ ಆಯ್ತು. ಮಗು ಕೇಸಲ್ಲಿ ನಾನು ಮೆಲ್ಲಗೆ "ಸರ್ ಇದಕ್ಕೂ ಲಂಬಾರ್ ಡ್ರೇನ್ ಹಾಕ್ಬಹುದಿತ್ತಲ್ವಾ" ಅಂದೆ, ಸೀನಿಯರ್ ನನ್ನನ್ನ ನುಂಗೋ ಹಾಗೆ ನೋಡಿದ್ರು. ಉತ್ತರ ಮಾತ್ರ ಸಿಗ್ಲಿಲ್ಲ.

ಒಂದೇ ನೀರು ತಾನೇ, ಎಲ್ಲಿಂದ ತೆಗೆದ್ರೆ ಏನು? ಇನ್ನೊಂದು, ಒಟ್ಟು ಎಷ್ಟು ತೆಗೆದ್ರೆ ಸೇಫ್ ಅಂತ ಏನಾದ್ರೂ ನಂಬರ್ ಇದ್ಯಾ?

—

ಹಳೇ_ಡ್ರಿಲ್:

ನಾನು ನ್ಯೂರೋಸರ್ಜನ್, ಕೆಲಸ ಶುರು ಮಾಡಿ ಹದಿನೆಂಟು ವರ್ಷ ಆಯ್ತು. ಪ್ರಶ್ನೆ ಬಾಲಿಶ ಏನಲ್ಲ, ಇದನ್ನ ಕೇಳ್ದೆ ಮೂರನೇ ವರ್ಷಕ್ಕೆ ಬಂದಿರೋ ನ್ಯೂರೋ ಪೀಜಿಗಳನ್ನೂ ನೋಡಿದೀನಿ. ಮತ್ತೆ ನಿಮ್ಮ ಸೀನಿಯರ್ ನುಂಗೋ ಹಾಗೆ ನೋಡೋ ಬದ್ಲು ಎರಡು ನಿಮಿಷ ಹೇಳ್ಬಹುದಿತ್ತು, ಇರ್ಲಿ.

ಮೊದಲು ಜಾಗ ಅರ್ಥ ಮಾಡ್ಕೊಳ್ಳಿ. ಕಿರುಮೆದುಳು ಇರೋದು ಬಹಳ ಇಕ್ಕಟ್ಟಾದ ಕೋಣೇಲಿ. ಮೇಲೆ ಟೆಂಟೋರಿಯಮ್ ಅನ್ನೋ ಗಟ್ಟಿ ಪರದೆ, ಅಟ್ಟ ಅನ್ಕೊಳ್ಳಿ, ಅಟ್ಟದ ಮೇಲೆ ದೊಡ್ಡ ಮೆದುಳು ಕೂತಿದೆ. ಅಟ್ಟಕ್ಕೆ ಒಂದು ಕಿಂಡಿ ಇದೆ, ಅದರಲ್ಲಿ ಮೆದುಳುಕಾಂಡ ಹಾದು ಹೋಗತ್ತೆ. ಕೋಣೆಯ ನೆಲದಲ್ಲಿ ಇನ್ನೊಂದು ಕಿಂಡಿ, ಫೊರಾಮೆನ್ ಮ್ಯಾಗ್ನಮ್, ಅಲ್ಲಿಂದ ಕೆಳಗೆ ಬೆನ್ನುಹುರಿ. ಈ ಎರಡು ಕಿಂಡಿ ಬಿಟ್ರೆ ಸುತ್ತ ಮೂಳೆ, ಎಲ್ಲೂ ಸರಿಯೋಕೆ ಜಾಗ ಇಲ್ಲ. ತಲೆಬುರುಡೆ ಒಳಗಿನ ಒಟ್ಟು ಜಾಗ ಅಷ್ಟೇ, ಒಂದು ಹೆಚ್ಚಾದ್ರೆ ಇನ್ನೊಂದು ಕಮ್ಮಿ ಆಗ್ಲೇಬೇಕು ಅಂತ 1783ರಲ್ಲಿ ಮನ್ರೋ, 1824ರಲ್ಲಿ ಕೆಲ್ಲಿ ಹೇಳಿದ್ದು ನೀವು ಓದಿರ್ತೀರಿ. ಆದ್ರೆ ಅದನ್ನ ಓದುವಾಗ ಇಡೀ ತಲೆ ಒಂದೇ ಡಬ್ಬ ಅಂತ ತಲೇಲಿ ಕೂತ್ಬಿಡತ್ತೆ. ಗಡ್ಡೆ ಬಂದಾಗ ಅದು ಒಂದೇ ಡಬ್ಬ ಆಗಿರಲ್ಲ, ಅಟ್ಟ ಬೇರೆ, ಕೋಣೆ ಬೇರೆ, ಬೆನ್ನು ಬೇರೆ, ಮೂರಕ್ಕೂ ಪ್ರೆಶರ್ ಬೇರೆ ಬೇರೆ ಆಗ್ಬಹುದು.

ಈಗ ನೀರಿನ ದಾರಿ. ಲ್ಯಾಟರಲ್ ವೆಂಟ್ರಿಕಲ್‌ನಿಂದ ಮೂರನೇದಕ್ಕೆ, ಅಲ್ಲಿಂದ ಅಕ್ವಿಡಕ್ಟ್ ಅನ್ನೋ ಸಣ್ಣ ನಾಳದಲ್ಲಿ ನಾಲ್ಕನೇದಕ್ಕೆ, ನಾಲ್ಕನೇದರ ಮೂರು ತೂತುಗಳಿಂದ ಹೊರಗೆ ಸಿಸ್ಟರ್ನಾ ಮ್ಯಾಗ್ನಾ ಅನ್ನೋ ನೀರಿನ ತೊಟ್ಟಿಗೆ, ಆಮೇಲೆ ಮೆದುಳಿನ ಸುತ್ತ ಮತ್ತು ಬೆನ್ನಿಗೆ. ನಿಮ್ಮ ಮಗು ಕೇಸಲ್ಲಿ ಗಡ್ಡೆ ನಾಲ್ಕನೇ ವೆಂಟ್ರಿಕಲ್‌ನಲ್ಲೇ ಕೂತಿದೆ, ಅಂದ್ರೆ ದಾರಿ ಅಲ್ಲೇ ಬಂದ್. ಮೇಲೆ ನೀರು ಕಟ್ಕೊಂಡಿದೆ, ಕೆಳಗೆ ಬೆನ್ನಲ್ಲಿ ಇರೋ ನೀರಿಗೂ ಮೇಲಿನದಕ್ಕೂ ಸಂಪರ್ಕ ಇಲ್ಲ. ಈ ಸ್ಥಿತೀಲಿ ಬೆನ್ನಿಂದ ತೆಗೆದ್ರೆ ಏನಾಗತ್ತೆ ಹೇಳಿ? ಕೆಳಗಿನ ಪ್ರೆಶರ್ ಇಳೀತು, ಮೇಲಿನದು ಹಾಗೇ ಇದೆ, ಸೆರೆಬೆಲ್ಲಮ್ ತಳದಲ್ಲಿರೋ ಟಾನ್ಸಿಲ್‌ಗಳು, ಗಂಟಲಿಂದಲ್ಲ, ಇದಕ್ಕೂ ಅದೇ ಹೆಸರು, ಅವು ನೆಲದ ಕಿಂಡಿಗೆ ಬೆಣೆ ಹೊಡೆದ ಹಾಗೆ ಇಳ್ಕೊಂಡು ಮೆಡುಲ್ಲಾನ, ಅಂದ್ರೆ ಮೆದುಳುಕಾಂಡದ ಕೆಳಭಾಗನ, ಒತ್ತತ್ತೆ. ಉಸಿರಾಟ ನಿಲ್ಲತ್ತೆ. ಕ್ವಿಂಕೆ 1891ರಲ್ಲಿ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆಯೋ ವಿಧಾನ ತೋರಿಸಿದ್ದು, ಅದು ಬಂದಾಗಿಂದ ಈ ಭಯ ಬೆನ್ನಿಗೇ ಇದೆ. ನಿಮ್ಮ ಸೀನಿಯರ್ ನೋಟದ ಅರ್ಥ ಅದು.

ಸರಿ ಹಾಗಾದ್ರೆ ಮೇಲಿಂದಲೇ ಧಾರಾಳವಾಗಿ ತೆಗೆಯೋಣ ಅಂದ್ರೆ ಅದೂ ಆಗಲ್ಲ. ಕೋಣೇಲಿ ಗಡ್ಡೆ ಇನ್ನೂ ಇದೆ, ಅಟ್ಟದಲ್ಲಿ ಪ್ರೆಶರ್ ಗಬಕ್ಕನೆ ಇಳಿಸಿದ್ರೆ ಕೋಣೆಯಲ್ಲಿರೋದು ಮೇಲಿನ ಕಿಂಡಿಗೆ ನುಗ್ಗತ್ತೆ, ಅಪ್‌ವರ್ಡ್ ಹರ್ನಿಯೇಷನ್ ಅಂತೀವಿ. ಎಚ್ಚರ ಇರೋ ಪೇಷಂಟ್ ಆದ್ರೆ ಮಂಪರು ಬರತ್ತೆ, ಕಣ್ಣು ಮೇಲಕ್ಕೆ ಎತ್ತೋಕಾಗಲ್ಲ, ಪಾಪೆ ಸಣ್ಣಗಾಗತ್ತೆ. ನಿಮ್ಮ ಟೇಬಲ್ ಮೇಲೆ ಮಲಗಿರೋರಿಗೆ ಅದ್ಯಾವುದೂ ಕಾಣಲ್ಲ, ಮಾನಿಟರ್ ಮಾತ್ರ. ಜೊತೆಗೆ ಊದಿರೋ ವೆಂಟ್ರಿಕಲ್ ಏಕಾಏಕಿ ಕುಸಿದ್ರೆ ಮೆದುಳಿನ ಮೇಲ್ಮೈ ಒಳಗೆ ಸರಿದು ಡ್ಯೂರಾಗೆ ಹೋಗೋ ಸಣ್ಣ ರಕ್ತನಾಳಗಳು ಹರೀತವೆ, ಸಬ್‌ಡ್ಯೂರಲ್ ರಕ್ತಸ್ರಾವ. ಗಡ್ಡೆ ಒಳಗೇ ರಕ್ತ ಒಸರೋದೂ ಉಂಟು. ಅದಕ್ಕೇ ಟ್ಯೂಬ್ ಹಾಕಿ ಕ್ಲಾಂಪ್ ಮಾಡಿದ್ದು. ಮೂಳೆ ತೆಗೆಯೋವರೆಗೂ ಅದು ಕಿಸೆಯಲ್ಲಿರೋ ದುಡ್ಡು, ಇರ್ಲಿ ಅಂತ ಇಟ್ಕೊಳ್ಳೋದು, ಖರ್ಚು ಮಾಡೋಕಲ್ಲ.

ಮೂಳೆ ತೆಗೆದ್ಮೇಲೆ ಕೋಣೆಯ ಗೋಡೆ ಒಂದು ಕಡೆ ಬಿಚ್ಚಿದ ಹಾಗಾಯ್ತು. ಆಗಲೂ ಡ್ಯೂರಾ ಬಿಗಿ ಇದ್ರೆ ಪೂರ್ತಿ ಬಿಚ್ಚೋ ಹಾಗಿಲ್ಲ, ಬಿಚ್ಚಿದ್ರೆ ಸೆರೆಬೆಲ್ಲಮ್ ಆ ತೂತಿಂದ ಅಣಬೆ ಥರ ಉಬ್ಬಿ ಹೊರಗೆ ಬರತ್ತೆ, ಅಂಚಿಗೆ ಸಿಕ್ಕಿ ಅದರ ರಕ್ತನಾಳ ಕಟ್ಟತ್ತೆ, ಇನ್ನೂ ಊದತ್ತೆ, ಇನ್ನೂ ಹೊರಗೆ ಬರತ್ತೆ. ಒಮ್ಮೆ ಆ ಚಕ್ರ ಶುರುವಾದ್ರೆ ವಾಪಸ್ ಕರ್ಕೊಂಡು ಬರೋದು ಕಷ್ಟ. ನಾನು ಮಾಡೋದು ಹೀಗೆ, ಮೇಲಿನ ಟ್ಯೂಬ್‌ನಿಂದ ಒಂದ್ಸಲಕ್ಕೆ 5 ಮಿ.ಲೀ. ಆಸುಪಾಸು, ನಿಲ್ಲಿಸು, ಬೆರಳಲ್ಲಿ ಡ್ಯೂರಾ ಮುಟ್ಟಿ ನೋಡು, ಮತ್ತೆ ಬೇಕಾದ್ರೆ ಮತ್ತೆ. ಸ್ವಲ್ಪ ಮೆತ್ತಗಾದ ಕೂಡಲೇ ಕೆಳತುದೀಲಿ, ಫೊರಾಮೆನ್ ಮ್ಯಾಗ್ನಮ್ ಹತ್ರ, ಸಣ್ಣ ಗೀರು ಹಾಕಿ ಅರಾಕ್ನಾಯ್ಡ್ ಪೊರೆ ತೆರೆದ್ರೆ ಸಿಸ್ಟರ್ನಾ ಮ್ಯಾಗ್ನಾ ಸಿಗತ್ತೆ. ಅಲ್ಲಿಂದ ಬರೋ ನೀರು ಅದೇ ಕೋಣೆಯದ್ದು. ಮೇಲಕ್ಕೂ ಎಳೆಯಲ್ಲ, ಕೆಳಕ್ಕೂ ಎಳೆಯಲ್ಲ, ಕೋಣೆಯಲ್ಲೇ ಜಾಗ ಆಗತ್ತೆ. ಅದು ತಾನಾಗೇ ಜಿನುಗ್ತಾ ಇರತ್ತೆ, ಸಕ್ಷನ್ ಒಳಗೆ ತುರುಕಬಾರದು, ತುದಿಗೆ ಹತ್ತಿ ಪ್ಯಾಟಿ ಇಟ್ಟು ಅದರ ಮೇಲಿಂದ ಹೀರ್ಕೊಳ್ಳೋದು. ಆ ಐದು ನಿಮಿಷ ನಿಮ್ಮ ಸರ್ ಸುಮ್ನೆ ಕೂತಿರ್ಲಿಲ್ಲ, ಇಡೀ ಆಪರೇಷನ್‌ನಲ್ಲಿ ಅತಿ ಮುಖ್ಯವಾದ ಕೆಲಸ ನಡೀತಿತ್ತು. ತಾಳಿದವನು ಬಾಳಿಯಾನು ಅನ್ನೋದು ಇಲ್ಲಿ ಪೇಷಂಟ್ ಪರವಾಗಿ ಹೇಳಿದ್ದು.

ಮಕ್ಕಳಲ್ಲಿ ಇನ್ನೊಂದು ಮಾತು, ಡ್ಯೂರಾ ನಡುಗೆರೇಲಿ ಆಕ್ಸಿಪಿಟಲ್ ಸೈನಸ್, ರಕ್ತ ಹರಿಯೋ ಕಾಲುವೆ, ದಪ್ಪ ಇರ್ಬಹುದು, ಫೊರಾಮೆನ್ ಮ್ಯಾಗ್ನಮ್ ಅಂಚಲ್ಲೂ ಸುತ್ತುವರೆದ ಸೈನಸ್ ಇರತ್ತೆ. ನೀರಿನ ಆಸೆಗೆ ಅವಸರದಲ್ಲಿ ಗೀರಿದ್ರೆ ನೀರಿನ ಬದ್ಲು ರಕ್ತ ಬರತ್ತೆ, ಪುಟ್ಟ ಮಗುಗೆ ಸ್ವಲ್ಪ ರಕ್ತ ಹೋದ್ರೂ ಬಹಳ.

ಕಿವಿ ನರದ ಗಡ್ಡೆ ವಿಷ್ಯ ಬೇರೆ. ಗಡ್ಡೆ ಪಕ್ಕದಲ್ಲಿದೆ, ಸಾಮಾನ್ಯವಾಗಿ ನೀರಿನ ದಾರಿ ತೆರೆದೇ ಇರತ್ತೆ, ಮೇಲಿಂದ ಬೆನ್ನಿನವರೆಗೆ ಒಂದೇ ಕೊಳ. ಅಂಥ ಕೇಸಲ್ಲಿ ಲಂಬಾರ್ ಡ್ರೇನ್ ನಡೆಯತ್ತೆ, ಅದೂ ಡ್ಯೂರಾ ತೆರೆಯೋ ಹೊತ್ತಿಗೆ ಬಿಡೋದು, ಮುಂಚೆ ಅಲ್ಲ. ಗಡ್ಡೆ ದೊಡ್ಡದಾಗಿ ಮೆದುಳುಕಾಂಡನ ಒತ್ತಿ ವೆಂಟ್ರಿಕಲ್ ಊದಿಸಿದ್ರೆ ಅದೂ ನಿಮ್ಮ ಮಗು ಕೇಸಿನ ಲೆಕ್ಕಕ್ಕೇ ಬಂತು. ನಾನಂತೂ ಆ ಕೇಸಲ್ಲೂ ಲಂಬಾರ್ ಡ್ರೇನ್ ಹಾಕೋದು ಅಪರೂಪ, ಸೆರೆಬೆಲ್ಲಮ್‌ನ ಕೆಳಬದಿ ಒಂಚೂರು ಎತ್ತಿ ಅಲ್ಲಿನ ಸಿಸ್ಟರ್ನ್ ತೆರೆದು ಕಾಯ್ತೀನಿ, ನೀರು ಇಳಿದಂಗೆ ಸೆರೆಬೆಲ್ಲಮ್ ತಾನೇ ಒಳಗೆ ಸರಿಯತ್ತೆ, ಎಷ್ಟೋ ಸಲ ಆಮೇಲೆ ರಿಟ್ರಾಕ್ಟರೇ ಬೇಕಾಗಲ್ಲ. ನೀರು ತೆಗೀದೆ ರಿಟ್ರಾಕ್ಟರ್ ಹಾಕಿ ಎಳೆದ್ರೆ ಸೆರೆಬೆಲ್ಲಮ್ ಜಜ್ಜಿ ಹೋಗತ್ತೆ, ಏಳನೇ ಎಂಟನೇ ನರ ಎಳೆದ ಹಾಗಾಗತ್ತೆ.

ನಂಬರ್ ಕೇಳಿದ್ರಿ. ದೊಡ್ಡೋರಲ್ಲಿ ಒಟ್ಟು ಸಿಎಸ್‌ಎಫ್, ಅಂದ್ರೆ ಇದೇ ನೀರು, ಸುಮಾರು 150 ಮಿ.ಲೀ., ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ಹುಟ್ಟತ್ತೆ, ಗಂಟೆಗೆ 20ರ ಆಸುಪಾಸು. ಸೇಫ್ ನಂಬರ್ ಅಂತ ಇಟ್ಕೊಂಡು ಕೆಲಸ ಮಾಡೋಕಾಗಲ್ಲ. ಮೇಲಿಂದ ಒಂದೇ ನಿಮಿಷದಲ್ಲಿ ಬಿಟ್ಟ 20 ಮಿ.ಲೀ. ಅಪಾಯ ತರ್ಬಹುದು, ಡ್ಯೂರಾ ತೆರೆದ್ಮೇಲೆ ಸಿಸ್ಟರ್ನ್‌ನಿಂದ ಅರ್ಧ ಗಂಟೇಲಿ ಜಿನುಗಿದ ಅಷ್ಟೇ ನೀರು ಏನೂ ಮಾಡಲ್ಲ.

—

ನಿದ್ದೆ_ಮಾಸ್ತರ:

ಹಳೇ ಡ್ರಿಲ್ ಸರ್ ಚೆನ್ನಾಗಿ ಹೇಳಿದ್ರು, ಆದ್ರೆ ಸರ್ಜನ್‌ಗಳು ಯಾವಾಗ್ಲೂ ಒಂದು ಮರೀತಾರೆ, ಡ್ಯೂರಾ ಬಿಗಿ ಇದ್ದಾಗ ಅರ್ಧ ಸಲ ತಪ್ಪು ತಲೆ ಕಡೆ ನಿಂತಿರೋ ನಮ್ಮದು. ಪೀಜಿ, ನೀವು ಅನಸ್ತೇಶಿಯಾ ಅಲ್ವಾ, ಇದು ನಿಮಗೆ.

ನೀರು ತೆಗೆಯೋ ಮಾತು ಆಮೇಲೆ, ಮೊದಲು ರಕ್ತ ವಾಪಸ್ ಹೋಗ್ತಿದ್ಯಾ ನೋಡಿ. ಬೋರಲು ಮಲಗಿಸಿ ಕತ್ತು ಜಾಸ್ತಿ ಬಗ್ಗಿಸಿದ್ರೆ ಕತ್ತಿನ ರಕ್ತನಾಳ ಮಡಚ್ಕೊಳ್ಳತ್ತೆ, ಗಲ್ಲಕ್ಕೂ ಎದೆಗೂ ನಡುವೆ ಎರಡು ಬೆರಳು ಹೋಗೋಷ್ಟು ಜಾಗ ಇರ್ಲೇಬೇಕು. ಮಗ್ಗುಲಾಗಿ ಮಲಗಿಸೋ ಪಾರ್ಕ್ ಬೆಂಚ್ ಪೊಸಿಷನ್‌ನಲ್ಲಿ ಕತ್ತು ತಿರುಚಿದ್ರೂ ಅದೇ ಕಥೆ. ಉಸಿರಾಟದ ಟ್ಯೂಬ್ ಕಟ್ಟೋ ಟೇಪ್ ಕತ್ತಿನ ಸುತ್ತ ಬಿಗಿಯಾಗಿ ಕಟ್ಟಿದ್ರೆ ಸಾಕು, ಡ್ಯೂರಾ ಬಿಗಿಯಾಗತ್ತೆ. ಬೋರಲು ಮಲಗಿದಾಗ ಹೊಟ್ಟೆ ತೂಗಾಡ್ತಿರಬೇಕು, ಬೋಲ್‌ಸ್ಟರ್ ಹೊಟ್ಟೆ ಒತ್ತಿದ್ರೆ ಆ ಪ್ರೆಶರ್ ನೇರ ತಲೆಗೆ. ತಲೆ ಕಡೆ 15 ರಿಂದ 30 ಡಿಗ್ರಿ ಎತ್ತರ.

ಆಮೇಲೆ ಇಂಗಾಲದ ಡೈಆಕ್ಸೈಡ್. ಬಿಗಿ ಅಂತ ಸರ್ಜನ್ ಹೇಳಿದಾಗ ಸ್ವಲ್ಪ ಹೊತ್ತಿಗೆ ಮಾತ್ರ 30-35 ಎಂಎಂ ಎಚ್‌ಜಿ ಮಧ್ಯೆ ಇಳಿಸ್ಬಹುದು, ಅದಕ್ಕೂ ಕೆಳಗೆ ಇಳಿಸಿದ್ರೆ ಮೆದುಳಿಗೆ ರಕ್ತವೇ ಕಮ್ಮಿ ಆಗತ್ತೆ. ನೆನಪಿಡಿ, ಎಂಡ್ ಟೈಡಲ್‌ನಲ್ಲಿ, ಅಂದ್ರೆ ಬಿಟ್ಟ ಉಸಿರಿನ ಕೊನೇಲಿ, ಕಾಣೋದು ರಕ್ತದಲ್ಲಿ ಇರೋದಕ್ಕಿಂತ ಸಾಮಾನ್ಯವಾಗಿ ಕೆಲವು ಅಂಕ ಕಮ್ಮಿ, ಒಂದ್ಸಲ ಎಬಿಜಿ, ರಕ್ತದ ಗ್ಯಾಸ್ ಪರೀಕ್ಷೆ, ಕಳಿಸಿ ತಾಳೆ ಹಾಕ್ಕೊಳ್ಳಿ. ಮೆದುಳಿನ ಊತ ಇಳಿಸೋ ಮ್ಯಾನಿಟಾಲ್ ಕೆ.ಜಿ.ಗೆ 0.25 ರಿಂದ 1 ಗ್ರಾಂ, ಹದಿನೈದು ಇಪ್ಪತ್ತು ನಿಮಿಷದಲ್ಲಿ, ಅದೂ ಡ್ಯೂರಾ ತೆರೆಯೋಕೆ ಮುಂಚೆ ಕೆಲಸ ಶುರು ಮಾಡೋ ಹಾಗೆ, ಸರ್ಜನ್ ಬಿಗಿ ಅಂದ್ಮೇಲೆ ಬಾಟಲಿ ಹುಡುಕೋದಲ್ಲ.

ಹೃದಯದ ಬಡಿತ ಗಬಕ್ಕನೆ ಬಿದ್ರೆ ಬಡಿತ ಏರಿಸೋ ಅಟ್ರೊಪಿನ್ ಸಿರಿಂಜ್‌ಗೆ ಕೈ ಹಾಕೋಕೆ ಮುಂಚೆ ಬಾಯಿ ತೆಗೀರಿ. "ಸರ್ ರೇಟ್ ಇಳೀತಿದೆ, ಸ್ವಲ್ಪ ನಿಲ್ಲಿಸಿ" ಅನ್ನಿ. ನೀರು ಬಿಡೋವಾಗ ಅಥ್ವಾ ಮೆದುಳುಕಾಂಡದ ಹತ್ರ ಕೆಲಸ ಮಾಡೋವಾಗ ಬಡಿತ ಇಳಿಯೋದು, ಬಿಪಿ ಏರೋದು ಸಂದೇಶ, ಅದನ್ನ ಮದ್ದು ಕೊಟ್ಟು ಅಳಿಸಿದ್ರೆ ಸರ್ಜನ್‌ಗೆ ಸಿಗೋ ಒಂದೇ ಒಂದು ಸೂಚನೆ ಹೋಯ್ತು. ಕೈ ತೆಗೆದ್ಮೇಲೂ ಸರಿ ಹೋಗ್ಲಿಲ್ಲ ಅಂದ್ರೆ ಖಂಡಿತ ಕೊಡಿ.

ಕೂರಿಸಿ ಮಾಡೋ ಆಪರೇಷನ್ ಆದ್ರೆ ಇನ್ನೊಂದು ತಲೆನೋವು. ನೀರು ತನ್ನಷ್ಟಕ್ಕೆ ಕೆಳಗೆ ಸುರಿದು ಹೋಗತ್ತೆ, ಸರ್ಜನ್‌ಗೆ ಬಹಳ ಖುಷಿ, ಆದ್ರೆ ಹೋದ ನೀರಿನ ಜಾಗಕ್ಕೆ ಗಾಳಿ ಮೇಲೆ ಹೋಗಿ ಕೂರತ್ತೆ, ಬಾಟಲಿ ಬೋರಲು ಹಿಡಿದಾಗ ಗುಳುಗುಳು ಅಂತ ಗಾಳಿ ಒಳಗೆ ಹೋಗಲ್ವಾ ಹಾಗೆ. ಮುಚ್ಚಿದ್ಮೇಲೆ ಆ ಗಾಳಿ ಪ್ರೆಶರ್ ಕೊಟ್ರೆ ಪೇಷಂಟ್ ಏಳೋದೇ ಇಲ್ಲ. ನೈಟ್ರಸ್ ಅನ್ನೋ ಅನಸ್ತೇಶಿಯಾ ಗ್ಯಾಸ್ ಬೇಡ ಅನ್ನೋದು ಅದಕ್ಕೇ. ತೆರೆದ ರಕ್ತನಾಳದಿಂದ ಗಾಳಿ ಹೃದಯಕ್ಕೆ ಹೋಗೋದು ಇನ್ನೊಂದು ದೊಡ್ಡ ಕಥೆ, ಅದಕ್ಕೆ ಬೇರೆ ಥ್ರೆಡ್ ಬೇಕು.

—

ಎರಡನೇ_ಮತ:

ಹಳೇ ಡ್ರಿಲ್ ಸರ್, ಒಂದು ಕಡೆ ನನ್ನ ತಕರಾರಿದೆ. ನಾನೂ ನ್ಯೂರೋಸರ್ಜನ್, ಮಕ್ಕಳ ಕೇಸ್ ಜಾಸ್ತಿ. ನೀವು ಹೇಳಿದ್ದು ಕೇಳಿದ್ರೆ ನಾಲ್ಕನೇ ವೆಂಟ್ರಿಕಲ್ ಗಡ್ಡೆ ಅಂದ ಕೂಡಲೇ ಎಲ್ಲರಿಗೂ ಟ್ಯೂಬ್ ಅನ್ನೋ ಹಾಗಿದೆ. ನಾವು ಎಲ್ಲರಿಗೂ ಹಾಕಲ್ಲ. ಮಗು ಎಚ್ಚರವಾಗಿದೆ, ಬರೀ ತಲೆನೋವು ವಾಂತಿ ಅಂದ್ರೆ ಊತ ಇಳಿಸೋ ಡೆಕ್ಸಾಮೆಥಾಸೋನ್ ಶುರು ಮಾಡಿ ಆದಷ್ಟು ಬೇಗ ಗಡ್ಡೆ ತೆಗೀತೀವಿ, ಎಷ್ಟೋ ಮಕ್ಕಳಿಗೆ ಒಂದೆರಡು ದಿನದಲ್ಲೇ ತಲೆನೋವು ಇಳಿಯತ್ತೆ. ಗಡ್ಡೆ ತೆಗೆದ್ರೆ ದಾರಿ ತೆರೆಯತ್ತೆ, ಬಹುಪಾಲು ಮಕ್ಕಳಿಗೆ ಆಮೇಲೆ ಶಂಟ್, ಅಂದ್ರೆ ನೀರು ಹರಿಸೋ ಶಾಶ್ವತ ಟ್ಯೂಬ್, ಬೇಕಾಗೋದೇ ಇಲ್ಲ. ಟ್ಯೂಬ್ ಅಂದ್ರೆ ಸೋಂಕಿನ ಬಾಗಿಲು, ಅದು ಮರೀಬಾರದು. ಮಂಪರು ಇದೆ, ಪ್ರಜ್ಞೆ ಇಳೀತಿದೆ ಅಂದ್ರೆ ಆಗ ಕಾಯೋ ಪ್ರಶ್ನೆನೇ ಇಲ್ಲ, ಟ್ಯೂಬ್ ಅಥ್ವಾ ಮೂರನೇ ವೆಂಟ್ರಿಕಲ್ ತಳದಲ್ಲಿ ಎಂಡೋಸ್ಕೋಪ್‌ನಿಂದ ತೂತು, ಅದೇ ಇಟಿವಿ. ಇಟಿವಿಲಿ ನೀರು ಹೊರಗೇ ಬರಲ್ಲ, ಒಳಗೇ ಬೇರೆ ದಾರಿ ಹಿಡಿಯತ್ತೆ, ಹಾಗಾಗಿ ಜಾಸ್ತಿ ಹೋಯ್ತು ಅನ್ನೋ ಭಯ ಕಮ್ಮಿ.

—

ಹಳೇ_ಡ್ರಿಲ್:

ಒಪ್ಪಿದೆ, ನಾನೂ ಎಲ್ಲರಿಗೂ ಹಾಕಲ್ಲ, ಬರೆಯೋವಾಗ ಆ ಮಗು ಕೇಸ್ ತಲೇಲಿಟ್ಕೊಂಡು ಬರೆದೆ. ಆದ್ರೆ ಹಾಕ್ದೇ ಇರೋ ಕೇಸಲ್ಲೂ ತಲೆ ಹಿಂದಿನ ಆ ಜಾಗ, ಫ್ರೇಜಿಯರ್ ಪಾಯಿಂಟ್, ದೊಡ್ಡೋರಲ್ಲಿ ಇನಿಯಾನ್ ಅನ್ನೋ ತಲೆ ಹಿಂದಿನ ಮೂಳೆ ಉಬ್ಬಿನಿಂದ 6 ಸೆಂ.ಮೀ. ಮೇಲೆ, ನಡುಗೆರೆಯಿಂದ 3 ರಿಂದ 4 ಸೆಂ.ಮೀ. ಪಕ್ಕಕ್ಕೆ, ಅದನ್ನ ಶೇವ್ ಮಾಡಿ, ಗುರುತು ಹಾಕಿ, ಡ್ರೇಪ್ ಒಳಗೇ ಬರೋ ಹಾಗೆ ಇಟ್ಕೊಳ್ತೀನಿ. ಮಧ್ಯದಲ್ಲಿ ಸೆರೆಬೆಲ್ಲಮ್ ಉಬ್ಬಿದಾಗ ಡ್ರೇಪ್ ಹರಿದು ಜಾಗ ಹುಡುಕಿದ್ದು ಒಂದೇ ಸಲ, ಬಹಳ ವರ್ಷದ ಹಿಂದೆ. ಆ ಸಲಕ್ಕೇ ಬುದ್ಧಿ ಬಂತು. ಕೈ ನಡುಗ್ತಿತ್ತು ಅಂತ ಹೇಳೋಕೆ ನಾಚಿಕೆ ಇಲ್ಲ.

—

ರಾತ್ರಿಪಾಳಿ_ಸಿಸ್ಟರ್:

ಡಾಕ್ಟ್ರುಗಳೆಲ್ಲ ಓಟಿ ಒಳಗಿನ ಮಾತಾಡ್ತಿದೀರಿ, ನೀರು ಜಾಸ್ತಿ ಹೋಗೋ ಅನಾಹುತ ನಾನು ನೋಡಿದ್ದೆಲ್ಲ ಓಟಿ ಹೊರಗೆ. ನ್ಯೂರೋ ಐಸಿಯುಲಿ ಹನ್ನೊಂದು ವರ್ಷ ಕೆಲಸ ಮಾಡಿದೀನಿ.

ಹಿಂದೆ ಕೆಲಸ ಮಾಡ್ತಿದ್ದ ಕಡೆ ಒಬ್ಬರು, ಗಡ್ಡೆ ತೆಗೆದು ಎರಡನೇ ದಿನ, ಟ್ಯೂಬ್ ಇನ್ನೂ ಇತ್ತು, ಮಾತಾಡ್ತಾ ಚೆನ್ನಾಗೇ ಇದ್ರು. ಫಿಸಿಯೋದವರು ಬಂದು ಬೆಡ್ ಎತ್ತರ ಮಾಡಿ ತಲೆ ಕಡೆನೂ ಎತ್ತಿದ್ರು, ಟ್ಯೂಬ್‌ನ ನೀರು ಬೀಳೋ ಡ್ರಿಪ್ ಚೇಂಬರ್ ಮಾತ್ರ ಸ್ಟ್ಯಾಂಡ್‌ನಲ್ಲಿ ಇದ್ದಲ್ಲೇ ಇತ್ತು. ಅಂದ್ರೆ ತಲೆ ಮೇಲೆ ಹೋಯ್ತು, ಚೇಂಬರ್ ಕೆಳಗೆ ಉಳೀತು. ನಲ್ಲಿ ಬಿಟ್ಟ ಹಾಗೆ ಹರೀತು. ನಾನು ಪಕ್ಕದ ಬೆಡ್‌ನಲ್ಲಿದ್ದೆ, ಅವರು ತಲೆ ಸಿಡೀತಿದೆ ಅಂದು ವಾಂತಿ ಮಾಡ್ಕೊಂಡಾಗ್ಲೇ ನಾನು ತಿರುಗಿ ನೋಡಿದ್ದು. ಕ್ಲಾಂಪ್ ಹಾಕಿ ಮಟ್ಟಸ ಮಲಗಿಸಿ ಡಾಕ್ಟ್ರನ್ನ ಕರೆದ್ವಿ, ಸಿಟಿ ಆಯ್ತು, ಪುಣ್ಯಕ್ಕೆ ರಕ್ತಸ್ರಾವ ಇರ್ಲಿಲ್ಲ. ಫಿಸಿಯೋದವರನ್ನ ಬೈದು ಪ್ರಯೋಜನ ಇಲ್ಲ, ಅವರಿಗೆ ಯಾರೂ ಹೇಳೇ ಇರ್ಲಿಲ್ಲ.

ಅವತ್ತಿಂದ ನನ್ನ ಹುಡುಗೀರಿಗೆಲ್ಲ ಹೇಳ್ಕೊಡೋದು, ಸೊನ್ನೆ ಗೆರೆ ಕಿವಿ ತೂತಿನ ಮುಂದಿರೋ ಟ್ರೇಗಸ್ ಮಟ್ಟಕ್ಕೆ, ಚೇಂಬರ್ ಡಾಕ್ಟ್ರು ಬರೆದ ಎತ್ತರಕ್ಕೆ, ಸಾಮಾನ್ಯವಾಗಿ 10 ರಿಂದ 15 ಸೆಂ.ಮೀ. ಮೇಲೆ. ಗಡ್ಡೆ ಇನ್ನೂ ಒಳಗಿರೋ ಪೇಷಂಟ್ ಆದ್ರೆ ಇನ್ನೂ ಮೇಲೆ ಇಡೋಕೆ ಹೇಳ್ತಾರೆ, ಹಳೇ ಡ್ರಿಲ್ ಸರ್ ಹೇಳಿದ ಅಟ್ಟದ ಕಿಂಡಿ ಭಯಕ್ಕೆ, ಅದು ಈಗ ಓದಿದ್ಮೇಲೆ ಸರಿಯಾಗಿ ಅರ್ಥ ಆಯ್ತು. ಪೇಷಂಟ್‌ನ ಮುಟ್ಟೋಕೆ ಮುಂಚೆ ಕ್ಲಾಂಪ್. ತಿರುಗಿಸೋದು, ಸ್ಟ್ರೆಚರ್‌ಗೆ ಹಾಕೋದು, ಸ್ಕ್ಯಾನ್‌ಗೆ ಒಯ್ಯೋದು, ಕೆಮ್ಮಿಸಿ ಸಕ್ಷನ್ ಮಾಡೋದು, ಎಲ್ಲಕ್ಕೂ. ಆಮೇಲೆ ಬಿಚ್ಚೋದು ಮರೆತ್ರೆ ಅದೂ ಅಷ್ಟೇ ಅಪಾಯ, ಪ್ರೆಶರ್ ಏರಿ ಕೂತಿರತ್ತೆ. ಗಂಟೆಗೊಂದ್ಸಲ ಎಷ್ಟು ಬಂತು, ಯಾವ ಬಣ್ಣ, ನೀರಿನ ಮಟ್ಟ ಬಡಿತಕ್ಕೆ ತಕ್ಕಂತೆ ಆಡ್ತಿದ್ಯಾ ನೋಡಿ ಬರೆಯೋದು. ಆಡ್ತಿಲ್ಲ ಅಂದ್ರೆ ಟ್ಯೂಬ್ ಕಟ್ಕೊಂಡಿದೆ ಅನ್ಕೊಳ್ಳಿ, ನೀವೇ ಸಿರಿಂಜ್ ಹಾಕಿ ಎಳೆಯೋಕೆ ಹೋಗ್ಬೇಡಿ.

ಇನ್ನೊಂದು, ಹೊಲಿಗೆ ಹತ್ರ ಮೆತ್ತಗೆ ಉಬ್ಬಿದ್ರೆ, ದಿಂಬು ಒದ್ದೆ ಆಗಿದ್ರೆ ಬೆವರು ಅನ್ಕೋಬೇಡಿ. ಕಿವಿ ಹಿಂದೆ ಆಪರೇಷನ್ ಆದವರಿಗೆ ಬಗ್ಗಿದಾಗ ಮೂಗಿಂದ ತಿಳಿನೀರು ತೊಟ್ಟಿಕ್ಕಿದ್ರೆ ಶೀತ ಅನ್ಕೋಬೇಡಿ.

—

ಎರಡನೇ_ಮತ:

ಸಿಸ್ಟರ್ ಹೇಳಿದ ಆ ಮೂಗಿನ ಮಾತು ಎಷ್ಟೋ ಹೌಸ್ ಸರ್ಜನ್‌ಗಳಿಗೆ ಗೊತ್ತಿರಲ್ಲ. ಕಿವಿ ಹಿಂದಿನ ಮೂಳೇಲಿ ಗಾಳಿಗೂಡುಗಳಿವೆ, ಕೊರೆಯೋವಾಗ ಅವು ತೆರೆದ್ರೆ ಮೇಣ ಹಚ್ಚಿ ಮುಚ್ಬೇಕು. ಬಿಟ್ರೆ ಸಿಎಸ್‌ಎಫ್ ಅಲ್ಲಿಂದ ನಡುಗಿವಿಗೆ, ನಡುಗಿವಿಯಿಂದ ಗಂಟಲು ಮೂಗಿಗೆ. ಮುಚ್ಚೋಕೆ ಮುಂಚೆ ಅನಸ್ತೇಶಿಯಾದವರಿಗೆ ವಲ್ಸಾಲ್ವಾ, ಅಂದ್ರೆ ಶ್ವಾಸಕೋಶದಲ್ಲಿ ಗಾಳಿ ಒತ್ತಿ ಹಿಡಿಯೋದು, ಕೊಡಿ ಅಂತ ಕೇಳೋದು ಡ್ಯೂರಾ ಹೊಲಿಗೇಲಿ ಎಲ್ಲಾದ್ರೂ ನೀರು ಜಿನುಗತ್ತಾ, ರಕ್ತ ಒಸರತ್ತಾ ನೋಡೋಕೆ.

—

ಮಗಳು_ಕೇಳ್ತಿದೀನಿ:

ನಾನು ಡಾಕ್ಟರ್ ಅಲ್ಲ, ಅಮ್ಮನಿಗೆ ಸೆರೆಬೆಲ್ಲಮ್‌ನಲ್ಲಿ ಗಡ್ಡೆ ಅಂತ ಮುಂದಿನ ವಾರ ಆಪರೇಷನ್ ಇದೆ, ಹುಡುಕ್ತಾ ಇಲ್ಲಿಗೆ ಬಂದೆ. ಅರ್ಧ ಅರ್ಥ ಆಯ್ತು, ಅರ್ಧ ಹೆದ್ರಿಕೆ ಆಯ್ತು. ತೆಗೆದ ನೀರು ಮತ್ತೆ ಬರತ್ತಾ? ಅದಿಲ್ದೆ ಮೆದುಳು ಒಣಗಲ್ವಾ?

—

ಹಳೇ_ಡ್ರಿಲ್:

ಅಮ್ಮಾ ಹೆದರ್ಬೇಡಿ, ಇಲ್ಲಿ ನಾವು ತಪ್ಪಾಗೋ ದಾರಿಗಳನ್ನೇ ಎಣಿಸ್ತಾ ಕೂತಿದೀವಿ, ಅದಕ್ಕೆ ಹಾಗೆ ಕೇಳ್ಸತ್ತೆ. ನೀರು ದಿನಕ್ಕೆ ಮೂರು ಸಲಕ್ಕೂ ಹೆಚ್ಚು ಪೂರ್ತಿ ಹೊಸದಾಗತ್ತೆ, ಆಪರೇಷನ್‌ನಲ್ಲಿ ತೆಗೆದಿದ್ದು ಕೆಲವೇ ಗಂಟೇಲಿ ತುಂಬ್ಕೊಳ್ಳತ್ತೆ. ಮುಚ್ಚೋ ಮುಂಚೆ ನಾವೇ ಬೆಚ್ಚಗಿನ ಸಲೈನ್ ಹಾಕಿ ಜಾಗ ತುಂಬಿಸಿ ಗಾಳಿ ಹೊರಗೆ ಕಳಿಸ್ತೀವಿ. ಅಮ್ಮನ ಸರ್ಜನ್ ಹತ್ರ ಎರಡು ಕೇಳಿ, ನೀರು ಕಟ್ಕೊಂಡಿದ್ಯಾ, ಕಟ್ಕೊಂಡಿದ್ರೆ ಆಪರೇಷನ್ ಮುಂಚೆ ಅದಕ್ಕೇನು ಮಾಡ್ತೀರಿ. ಅಷ್ಟರಲ್ಲಿ ಅಮ್ಮ ಜಾಸ್ತಿ ನಿದ್ದೆ ಹೋಗ್ತಿದ್ರೆ, ಎಬ್ಬಿಸಿದ್ರೂ ಏಳ್ತಿಲ್ಲ ಅಂದ್ರೆ, ವಾಂತಿ ಜಾಸ್ತಿ ಆದ್ರೆ ಮುಂದಿನ ವಾರದವರೆಗೆ ಕಾಯ್ಬೇಡಿ, ಆಗಲೇ ಕರ್ಕೊಂಡು ಹೋಗಿ.

—

ಕುತೂಹಲಿ_ಪೀಜಿ:

ಇಷ್ಟು ಉತ್ತರ ಬರತ್ತೆ ಅಂತ ಅನ್ಕೊಂಡಿರ್ಲಿಲ್ಲ, ಎಲ್ಲರಿಗೂ ಧನ್ಯವಾದ. ಸಿಸ್ಟರ್, ನೀವು ಹೇಳಿದ್ದು ಓದಿ ಮೈ ಜುಂ ಅಂತು, ಯಾಕಂದ್ರೆ ಅವತ್ತು ಆಪರೇಷನ್ ಮುಗಿದು ಮಗುನ ಅಂಗಾತ ತಿರುಗಿಸೋವಾಗ ಟ್ಯೂಬ್ ತೆರೆದೇ ಇತ್ತು, ಸರ್ ಕಿರುಚಿದ್ರು, ನಾನು ಅದು ಸುಮ್ನೆ ಟೆನ್ಷನ್‌ಗೆ ಕೂಗಿದ್ದು ಅನ್ಕೊಂಡಿದ್ದೆ. ಮಗು ಚೆನ್ನಾಗಿದೆ, ವಾರ್ಡ್‌ಗೆ ಹೋಗಿದೆ.

ಒಂದೇ ಒಂದು ಉಳೀತು. ಸಾಕು ಅಂತ ಹೇಗೆ ಗೊತ್ತಾಗತ್ತೆ? ಮತ್ತೆ ಗೀರು ಹಾಕಿದ್ಮೇಲೂ ನೀರು ಬರ್ಲೇ ಇಲ್ಲ ಅಂದ್ರೆ?

—

ಹಳೇ_ಡ್ರಿಲ್:

ಸಾಕು ಅನ್ನೋದು ಕಣ್ಣಿಗೆ ಕಾಣತ್ತೆ. ಬಿಗಿ ಇದ್ದಾಗ ಡ್ಯೂರಾ ಮಿಡಿಯಲ್ಲ, ಕಲ್ಲು. ನೀರು ಇಳಿದಂಗೆ ಮೊದಲು ಉಸಿರಿನ ಜೊತೆ ಮೆಲ್ಲಗೆ ಏಳೋದು ಬೀಳೋದು ಶುರುವಾಗತ್ತೆ, ಆಮೇಲೆ ನಾಡಿ ಜೊತೆ ಮಿಡಿಯತ್ತೆ, ಆಮೇಲೆ ಡ್ಯೂರಾ ಅಂಚಿಂದ ಸೆರೆಬೆಲ್ಲಮ್ ಒಂದೆರಡು ಮಿ.ಮೀ. ಒಳಗೆ ಸರಿಯತ್ತೆ. ಅಷ್ಟು ಸಾಕು. ಅದಕ್ಕಿಂತ ಖಾಲಿ ಮಾಡೋ ದುರಾಸೆ ಬೇಡ. ಬೆನ್ನಿನ ಆಪರೇಷನ್‌ನಲ್ಲೋ ಮುಂದಿನ ತಲೆ ಆಪರೇಷನ್‌ನಲ್ಲೋ ಸಿಎಸ್‌ಎಫ್ ವಿಪರೀತ ಹೋಗಿ, ಯಾರೂ ಮುಟ್ಟೇ ಇಲ್ಲದ ಸೆರೆಬೆಲ್ಲಮ್ ಕೆಳಗೆ ಜೋತು ಅದರ ರಕ್ತನಾಳ ಎಳೆದು ರಕ್ತಸ್ರಾವ ಆಗಿರೋ ಕೇಸ್‌ಗಳಿವೆ.

ಬರ್ಲೇ ಇಲ್ಲ ಅಂದ್ರೆ ಆಳಕ್ಕೆ ಚುಚ್ಚಬಾರದು, ಅಲ್ಲೇ ಕೆಳಗೆ ಮೆಡುಲ್ಲಾ ಇದೆ. ಹೆಚ್ಚಿನ ಸಲ ಟಾನ್ಸಿಲ್ ಕಿಂಡಿಗೆ ಇಳಿದು ಸಿಸ್ಟರ್ನಾ ಜಾಗವೇ ಇರಲ್ಲ, ಒಂದನೇ ಕತ್ತಿನ ಮೂಳೆಯ ಹಿಂಭಾಗ ತೆಗೆದು ಡ್ಯೂರಾ ಇನ್ನೂ ಕೆಳಗೆ ತೆರೆದ್ರೆ ಟಾನ್ಸಿಲ್‌ನ ಕೆಳಗೆ ನೀರು ಸಿಗತ್ತೆ. ಅಲ್ಲೂ ಇಲ್ಲ ಅಂದ್ರೆ ಮೇಲಿನ ಟ್ಯೂಬ್ ಕೆಲಸ ಮಾಡ್ತಿದ್ಯಾ ನೋಡು, ಆಮೇಲೆ ನಿದ್ದೆ ಮಾಸ್ತರ ಹೇಳಿದ ಪಟ್ಟಿ, ಕತ್ತು, ಹೊಟ್ಟೆ, ಇಂಗಾಲ, ಟೇಪ್. ಎಲ್ಲ ಸರಿಯಿದ್ದೂ ಉಬ್ತಿದೆ ಅಂದ್ರೆ ಒಳಗೆ ಎಲ್ಲೋ ರಕ್ತ ಕಟ್ಕೊಳ್ತಿದೆ ಅನ್ನೋ ಅನುಮಾನ ಬರ್ಬೇಕು. ನೀರು ಬಂದ್ಮೇಲೆ ಆ ಜಾಗಕ್ಕೆ ಒಂದು ಪ್ಯಾಟಿ ಮುಚ್ಚಿ, ಗಡ್ಡೆ ತೆಗೆಯೋವಾಗಿನ ರಕ್ತ ಅಲ್ಲಿಗೆ ಇಳಿಯಬಾರದು, ಇಳಿದ್ರೆ ಆಮೇಲೆ ವಾರಗಟ್ಟಲೆ ಜ್ವರ, ಕತ್ತು ನೋವು.

—

ನಿದ್ದೆ_ಮಾಸ್ತರ:

ಪೀಜಿ, ಆ ಪ್ಯಾಟಿ ಲೆಕ್ಕ ಸಿಸ್ಟರ್ ಇಟ್ಕೊಳ್ತಾರೆ, ಕ್ಲಾಂಪ್ ಲೆಕ್ಕ ನೀವು ಇಟ್ಕೊಳ್ಳಿ. ನಾನು ನನ್ನ ಚಾರ್ಟ್‌ನಲ್ಲಿ ಬಿಪಿ ಕೆಳಗೆ ಒಂದು ಸಾಲು ಜಾಸ್ತಿ ಎಳ್ಕೊಂಡಿದೀನಿ, ಎಷ್ಟೊತ್ತಿಗೆ ತೆರೆದ್ರು, ಎಷ್ಟು ಮಿ.ಲೀ., ಎಷ್ಟೊತ್ತಿಗೆ ಮುಚ್ಚಿದ್ರು.

—

ಕುತೂಹಲಿ_ಪೀಜಿ:

ನಾಳೆ ಬೆಳಿಗ್ಗೆ ಮೊದಲ್ನೇ ಕೇಸೇ ಪೋಸ್ಟೀರಿಯರ್ ಫೋಸಾ, ಅದೇ ಸೆರೆಬೆಲ್ಲಮ್ ಇರೋ ಕೋಣೆ, ಈಗಷ್ಟೇ ಲಿಸ್ಟ್ ಬಂತು. ಆ ಸಾಲು ಎಳ್ಕೊಂಡೇ ಹೋಗ್ತೀನಿ ಸರ್.